ಡಾರ್ವಿನ್ ಮನೆಯ ಹಿತ್ತಲು

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮಗೆ ನೆನಪಾಗುವುದು ಬೀಗಲ್ ಹಡಗು, ಗಲಾಪಗೋಸ್ ದ್ವೀಪಗಳು, ದೈತ್ಯ ಆಮೆಗಳು. ಆದರೆ ಆ ದ್ವೀಪಗಳಲ್ಲಿ ಆತ ಕಳೆದದ್ದು 1835ರಲ್ಲಿ ಐದು ವಾರ ಮಾತ್ರ. ಲಂಡನ್ನಿಗೆ ಸಮೀಪದ ಕೆಂಟ್ ಪ್ರಾಂತ್ಯದ ಡೌನ್ ಹೌಸ್‌ನಲ್ಲಿ ಬಾಳಿದ್ದು 1842ರಿಂದ 1882ರಲ್ಲಿ ಸಾಯುವವರೆಗೆ, ನಲವತ್ತು ವರ್ಷ. ಈಗ ಸ್ಮಾರಕವಾಗಿರುವ ಆ ಮನೆಗೆ ಬೇಸಿಗೆಯಲ್ಲಿ ಹೋದವರು ಆತ ಬರೆಯುತ್ತಿದ್ದ ಕೋಣೆಯನ್ನು ಭಕ್ತಿಯಿಂದ ನೋಡುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಹಿತ್ತಲು.

1854ರ ಸೆಪ್ಟೆಂಬರಿನಲ್ಲಿ ಮನೆಯ ಮಗುವೊಂದು ಆ್ಯಶ್ ಮರದ ಬುಡದ ಪೊಟರೆಗೆ ಬಂಬಲ್‌ಬೀ ದುಂಬಿಗಳು ಹೋಗುವುದನ್ನು ಕಂಡಿತು. ಅಲ್ಲಿ ಗೂಡಿರಲಿಲ್ಲ. ಬಂದವೆಲ್ಲ ಗಂಡು ದುಂಬಿಗಳು. ಕ್ಷಣಕಾಲ ಗುಂಯ್‌ಗುಟ್ಟಿ ಮುಂದೆ ಹಾರುತ್ತಿದ್ದವು. ಎಲ್ಲಿಗೆ? ಡಾರ್ವಿನ್ ತನ್ನ ಐದಾರು ಮಕ್ಕಳನ್ನು ಒಂದೊಂದು ಕಡೆ ನಿಲ್ಲಿಸಿದ. ದುಂಬಿ ಬಂದೊಡನೆ ಅವರು ಕೂಗಿ ಹೇಳಬೇಕು. ಗುರುತಿಗೆ ದುಂಬಿಗಳ ಮೇಲೆ ಹಿಟ್ಟು ಉದುರಿಸಿದ್ದೂ ಉಂಟು. ಅವು ಗೊತ್ತಾದ ಹಾದಿಯಲ್ಲೇ ಹಾರಿ, ಗೊತ್ತಾದ ಜಾಗಗಳಲ್ಲೇ ತಂಗುತ್ತಿದ್ದವು. ವಿಚಿತ್ರವೆಂದರೆ, ಮರುವರ್ಷ ಹುಟ್ಟಿದ ಹೊಸ ದುಂಬಿಗಳೂ ಅವೇ ಜಾಗಗಳಿಗೆ ಬಂದವು. ಡಾರ್ವಿನ್‌ಗೆ ಇದು ಬಗೆಹರಿಯಲಿಲ್ಲ. ಗಂಡು ದುಂಬಿಗಳು ಹಾದಿಯಲ್ಲಿ ವಾಸನೆಯ ಗುರುತು ಬಿಡುತ್ತವೆಂಬುದು ಖಚಿತವಾದದ್ದು ಆತನ ಕಾಲದ ನಂತರ.

ಎರೆಹುಳುಗಳ ವಿಷಯದಲ್ಲಿ ತಾಳ್ಮೆ ಇನ್ನೂ ದೀರ್ಘ. 1842ರಲ್ಲಿ ಮನೆಯ ಪಕ್ಕದ ಹೊಲದ ಮೇಲೆ ಸೀಮೆಸುಣ್ಣದ ಚೂರುಗಳನ್ನು ಹರಡಿಸಿದ್ದ. 29 ವರ್ಷಗಳ ಮೇಲೆ ಅಗೆಸಿದಾಗ ಅವು ಏಳು ಅಂಗುಲ ಕೆಳಗಿದ್ದವು. ಹುಳುಗಳು ಕೆಳಗಿನ ಮಣ್ಣನ್ನು ಮೇಲೆ ತಂದು ಹಾಕುತ್ತ ಅವನ್ನು ಹೂತಿದ್ದವು.

ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ ಮೂರಡಿ ಉದ್ದ, ಎರಡಡಿ ಅಗಲದ ತುಂಡು ನೆಲದ್ದು. ಅದನ್ನು ಅಗೆದು ಹಸನು ಮಾಡಿ, ಮೊಳೆತ ಪ್ರತಿಯೊಂದು ಕಳೆಸಸಿಯನ್ನೂ ಡಾರ್ವಿನ್ ಗುರುತು ಮಾಡಿದ. ಮೊಳೆತದ್ದು 357. ಸತ್ತದ್ದು 295, ಹೆಚ್ಚಿನವನ್ನು ತಿಂದದ್ದು ಚಿಪ್ಪಿಲ್ಲದ ಬಸವನಹುಳುಗಳು ಮತ್ತು ಕೀಟಗಳು. ಈ ಅಂಕಿಗಳು 1859ರ 'ಆನ್ ದಿ ಆರಿಜಿನ್ ಆಫ್ ಸ್ಪೀಷೀಸ್' ಗ್ರಂಥದಲ್ಲಿ, ಬದುಕಿಗಾಗಿ ನಡೆಯುವ ಹೋರಾಟಕ್ಕೆ ಸಾಕ್ಷಿಯಾಗಿ ನಿಂತಿವೆ.

ತೋಟಕ್ಕೆ ಹೋದ ನಾವು ಎಣಿಸುವುದು ಕಣ್ಣಿಗೆ ಬಿದ್ದ ಚಿಟ್ಟೆ, ಹಕ್ಕಿ, ಹೂಗಳನ್ನು. ಅಂದರೆ ಉಳಿದ 62ನ್ನು. ಡಾರ್ವಿನ್ ಉಳಿದ 295ರ ಲೆಕ್ಕವನ್ನೂ ಇಟ್ಟ. ವಿಕಾಸವಾದಕ್ಕೆ ಬಲ ಬಂದದ್ದು, ನೋಡುವವರಿಗೆ ಕಾಣದೆ ಹೋದ ಆ ಸಸಿಗಳಿಂದ.