ಗೆರೆ ಮಡಕೆಯವರ ಏಳುಬೀಳು

ಬೇಸಾಯ ಬಂತು, ಹೊಟ್ಟೆ ತುಂಬಿತು, ಅಲ್ಲಿಂದ ಜನಸಂಖ್ಯೆ ಏರುತ್ತಲೇ ಹೋಯಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವಲ್ಲ? ನಾನೂ ಹಾಗೇ ನಂಬಿದ್ದೆ. ಯುರೋಪಿನ ಮೊದಲ ರೈತರ ಬಗ್ಗೆ ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ಈ ರೈತರು ಅಲ್ಲಿಗೆ ವಲಸೆ ಬಂದವರು. ಇಂದಿನ ಟರ್ಕಿ ಕಡೆಯಿಂದ ಹೊರಟವರ ಸಂತತಿ ಅಂತ ಹಳೆಯ ಮೂಳೆಗಳ ಡಿಎನ್‌ಎ ಹೇಳುತ್ತದೆ. ಕ್ರಿ.ಪೂ. 5500ರ ಸುಮಾರಿಗೆ ಹಂಗೇರಿ ಕಡೆಯಿಂದ ಪಶ್ಚಿಮಕ್ಕೆ ಹರಡಿ, ಕೆಲವೇ ಶತಮಾನಗಳಲ್ಲಿ ರೈನ್ ನದಿ ದಾಟಿದರು. ದನ, ಕುರಿ, ಬಟಾಣಿ, ಮಸೂರದ ಜೊತೆ ಎಮ್ಮರ್ ಗೋಧಿಯೂ ಇತ್ತು. ಎಮ್ಮರ್ ಅಂದರೆ ಬೇರೇನಲ್ಲ, ನಮ್ಮ ಕಡೆ ಹುಗ್ಗಿಗೆ ಹಾಕುವ ಜವೆಗೋಧಿ. ಇಲ್ಲಿ ಪುಣೆಯಲ್ಲಿ ಖಪ್ಲಿ ಅಂತಾರೆ. ಮಡಕೆ ಮೇಲೆ ಗೆರೆ ಕೊರೆಯುತ್ತಿದ್ದರಿಂದ ಇವರಿಗೆ ಗೆರೆ ಮಡಕೆಯವರು ಅಂತಲೇ ಹೆಸರು.

ಒಂದೇ ಕಡೆ ನೆಲೆ ನಿಂತರು, ಮಕ್ಕಳು ಹೆಚ್ಚಿದವು. ಆಮೇಲೆ? 2013ರಲ್ಲಿ ಲಂಡನ್ನಿನ ಸ್ಟೀಫನ್ ಶೆನನ್ ಮತ್ತು ಸಂಗಡಿಗರು ಯುರೋಪಿನ ಹಲವು ಪ್ರದೇಶಗಳ ರೇಡಿಯೋಕಾರ್ಬನ್ ಕಾಲನಿರ್ಣಯಗಳನ್ನು ಒಟ್ಟುಗೂಡಿಸಿದರು. ಜನ ಹೆಚ್ಚಿದ್ದ ಕಾಲದ ಇದ್ದಿಲು, ಮೂಳೆ ಹೆಚ್ಚು ಸಿಗುತ್ತವೆ ಎಂಬುದು ಲೆಕ್ಕ. ಬೇಸಾಯ ಬಂದೊಡನೆ ಜನ ಏರಿದ್ದಾರೆ. ಕೆಲವು ಶತಮಾನ ಕಳೆದ ಮೇಲೆ ಬಹುತೇಕ ಕಡೆ ಧಡಕ್ಕನೆ ಕುಸಿದಿದ್ದಾರೆ. ಹವಾಮಾನದ ಏರಿಳಿತಕ್ಕೂ ಈ ಕುಸಿತಕ್ಕೂ ತಾಳೆಯಾಗಲಿಲ್ಲ.

ಹಾಗಾದರೆ ಕಾರಣ? ಮಣ್ಣು ಸೋತಿರಬಹುದು, ರೋಗ ಹರಡಿರಬಹುದು. ಜಗಳಕ್ಕಂತೂ ಕಣ್ಣಿಗೆ ಕಾಣುವ ಸಾಕ್ಷಿ ಇದೆ. ಜರ್ಮನಿಯ ಟಾಲ್‌ಹೈಮ್‌ನಲ್ಲಿ 1983ರಲ್ಲಿ ಒಂದೇ ಗುಂಡಿಯಲ್ಲಿ 34 ಜನರ ಎಲುಬುಗಳು ಸಿಕ್ಕವು, ಅದರಲ್ಲಿ 16 ಮಕ್ಕಳು. ಕಿಲಿಯಾನ್‌ಸ್ಟೆಟನ್‌ನಲ್ಲಿ ಸಿಕ್ಕ 26 ಜನರ ವಿವರ 2015ರಲ್ಲಿ ಪ್ರಕಟವಾಯಿತು. ಹಲವರ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಹರೆಯದ ಹೆಣ್ಣುಮಕ್ಕಳು ಆ ಗುಂಡಿಯಲ್ಲಿ ಇರಲೇ ಇಲ್ಲ. ಅವರನ್ನು ಎಳೆದೊಯ್ದಿರಬೇಕು ಅಂತ ಸಂಶೋಧಕರ ಊಹೆ.

ಟಾಲ್‌ಹೈಮ್‌ನ ತಲೆಬುರುಡೆಗಳ ಮೇಲಿನ ಪೆಟ್ಟು ನೋಡಿ. ಗೆರೆ ಮಡಕೆಯವರೇ ಮರ ಕೆತ್ತಲು ಬಳಸುತ್ತಿದ್ದ ಕಲ್ಲಿನ ಬಾಚಿಗೆ ಅವು ಹೊಂದುತ್ತವೆ. ಅಂದರೆ ಹೊಡೆದವರೂ ಹೆಚ್ಚುಕಡಿಮೆ ಅವರ ಜನವೇ. ಅದೇ ಗೋಧಿ, ಅದೇ ಮಡಕೆ, ಅದೇ ರೀತಿಯ ಉದ್ದನೆ ಮನೆ.

ಊರು ಬಿಟ್ಟು ಮೂವತ್ತು ವರ್ಷವಾದ ನನಗೆ ಅವರು ಬೀಜದ ಗಂಟು ಕಟ್ಟಿಕೊಂಡು ಹೊರಟದ್ದು ಅರ್ಥವಾಗುತ್ತದೆ. ಹೊಸ ನೆಲದಲ್ಲಿ ಬೇರು ಬಿಟ್ಟ ಮೇಲೆ ತಮ್ಮವರ ಮೇಲೇ ಬಾಚಿ ಎತ್ತಿದ್ದು ಮಾತ್ರ ಇವತ್ತಿಗೂ ಗಂಟಲಲ್ಲಿ ಇಳಿಯುತ್ತಿಲ್ಲ. ನಿಮಗೇನನ್ನಿಸುತ್ತೆ?