ಕಿಟಕಿ ಗಾಜಿನ ಫೋಟೋದಲ್ಲಿ ಕಾಣುವ ವಿಚಿತ್ರ ಬೆಳಕು ಏನು?

ಬಸ್, ರೈಲು, ವಿಮಾನದ ಕಿಟಕಿಯಿಂದ ತೆಗೆದ ಕೆಲವು ಫೋಟೋಗಳಲ್ಲಿ ಆಕಾಶದಲ್ಲಿ ತೇಲುವ ಬೆಳಕು ಅಥವಾ ಮಸುಕಾದ ಮನುಷ್ಯನ ಆಕಾರ ಕಾಣುತ್ತದೆ. ‘ಹಾರುವ ತಟ್ಟೆ’, ‘ದೆವ್ವ’ ಎಂದು ಅವು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಸಾಮಾನ್ಯವಾಗಿ ಅದು ಗಾಜಿನಲ್ಲಿ ಮೂಡಿದ ಪ್ರತಿಬಿಂಬ ಅಷ್ಟೇ.

ಹೀಗೇಕೆ ಆಗುತ್ತದೆ?

ಗಾಜಿನ ಪ್ರತಿ ಮೈಯೂ ತನ್ನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4% ಹಿಂದಕ್ಕೆ ಕಳಿಸುತ್ತದೆ. ಎರಡೂ ಮೈ ಸೇರಿದರೆ ಸುಮಾರು 8%. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಮಧ್ಯಾಹ್ನ ಕುಳಿತರೆ ಹೊರಗಿನ ಭತ್ತದ ಗದ್ದೆ ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನ ಬಿಸಿಲಿನ ಮುಂದೆ ಆ 8% ಲೆಕ್ಕಕ್ಕಿಲ್ಲ. ಕತ್ತಲಾಗಿ ಬಸ್ಸಿನೊಳಗೆ ದೀಪ ಹತ್ತಿದರೆ ಅದೇ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ. ಅಂದರೆ ತೊಂದರೆ ಮೊಬೈಲ್‌ನದ್ದಲ್ಲ, ನಮ್ಮ ಕಡೆಯ ಬೆಳಕಿನದ್ದು.

ಒಳ್ಳೆಯ ಫೋಟೋಗೆ ಏನು ಮಾಡಬೇಕು?

• ಫ್ಲ್ಯಾಶ್ ಆಫ್ ಮಾಡಿ. ಅದರ ಬೆಳಕು ಗಾಜಿಗೆ ಬಡಿದು ಫೋಟೋದಲ್ಲಿ ಬಿಳಿ ಕಲೆಯಾಗುತ್ತದೆ.
• ಲೆನ್ಸ್ ಮತ್ತು ಗಾಜು ಎರಡನ್ನೂ ಒರೆಸಿ.
• ಮೊಬೈಲನ್ನು ಗಾಜಿಗೆ ಒಂದು ಬೆರಳಿನಷ್ಟು ಹತ್ತಿರ ಹಿಡಿಯಿರಿ. ಗಾಜಿಗೆ ಒತ್ತಿದರೆ ಅದರ ನಡುಕದಿಂದ ಚಿತ್ರ ಮಸುಕಾಗುತ್ತದೆ.
• ಸುತ್ತಲೂ ಕಪ್ಪು ಬಟ್ಟೆ ಅಥವಾ ಅಂಗೈ ಅಡ್ಡ ಇಡಿ.
• ಕುರುಗೋಡಿನ ಕಲ್ಲುಬೆಟ್ಟದ ಫೋಟೋ ಬೇಕಿದ್ದರೆ ಪರದೆಯಲ್ಲಿ ಬೆಟ್ಟದ ಮೇಲೆಯೇ ಬೆರಳಿಡಿ. ಇಲ್ಲದಿದ್ದರೆ ಕ್ಯಾಮೆರಾ ಗಾಜಿನ ಧೂಳಿಗೆ ಫೋಕಸ್ ಮಾಡಬಹುದು.

ವಿಮಾನದಲ್ಲಿ

ಸಾಮಾನ್ಯವಾಗಿ ವಿಮಾನದ ಕಿಟಕಿಯಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್‌ನ ಮೂರು ಪದರ ಇರುತ್ತವೆ. ಹಾಗಾಗಿ ಪ್ರತಿಬಿಂಬವೂ ಹೆಚ್ಚು. ನಡುವಿನ ಪದರದ ಪುಟ್ಟ ರಂಧ್ರ ಒಡಕಲ್ಲ. ಗಾಳಿಯ ಒತ್ತಡ ಸರಿದೂಗಿಸಲು, ಮಂಜು ಕಟ್ಟುವುದನ್ನು ತಡೆಯಲು ಅದನ್ನು ಬೇಕೆಂದೇ ಇಟ್ಟಿರುತ್ತಾರೆ. ರೆಕ್ಕೆಯ ಹಿಂದಿನ ಸೀಟಿನಿಂದ ಎಂಜಿನ್ನಿನ ಬಿಸಿಗಾಳಿಯಲ್ಲಿ ದೃಶ್ಯ ಅಲುಗಿದಂತೆ ಕಾಣಬಹುದು. ರೆಕ್ಕೆಯ ಮುಂದಿನ ಸೀಟು ಒಳ್ಳೆಯದು. ತಂಪು ಕನ್ನಡಕವನ್ನು ಲೆನ್ಸಿಗೆ ಅಡ್ಡ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಬರಿ ಬೇಡ. ಪೋಲರೈಸ್ಡ್ ಕನ್ನಡಕದಲ್ಲಿ ಅಕ್ರಿಲಿಕ್ ಹಾಗೆಯೇ ಕಾಣುತ್ತದೆ.

ಎಚ್ಚರಿಕೆ

ಗಾಜು ಅಡ್ಡ ಬಂತೆಂದು ಚಲಿಸುವ ಬಸ್ ಅಥವಾ ರೈಲಿನ ಕಿಟಕಿಯಿಂದ ಕೈ, ತಲೆ ಹೊರಗೆ ಹಾಕಬೇಡಿ. ಎದುರಿಗೆ ಬರುವ ಲಾರಿ ಅಥವಾ ಕಂಬ ತಗುಲಿದರೆ ಕೈಯೇ ಹೋದೀತು, ಪ್ರಾಣವೂ ಹೋದೀತು. ಸೇನೆಯ ವಿಮಾನ ನಿಲ್ದಾಣಗಳಲ್ಲಿ ಫೋಟೋ ತೆಗೆಯುವುದು ನಿಷಿದ್ಧ. ಸಿಬ್ಬಂದಿಯ ಸೂಚನೆ ಪಾಲಿಸಿ.

ಫಾರ್ವರ್ಡ್ ಮಾಡುವ ಮುನ್ನ

‘ಇದನ್ನು ಗಾಜಿನ ಮೂಲಕ ತೆಗೆದದ್ದೇ?’ ಎಂದು ಕಳಿಸಿದವರನ್ನು ಕೇಳಿ. ನೀವೇ ತೆಗೆಯುವಾಗ ಅಂಥ ಬೆಳಕು ಕಂಡರೆ ಲೆನ್ಸಿನ ಸುತ್ತ ಬಟ್ಟೆ ಮುಚ್ಚಿ ಇನ್ನೊಂದು ಫೋಟೋ ತೆಗೆಯಿರಿ. ಬೆಳಕು ಮಾಯವಾದರೆ ಅದು ಆಕಾಶದ್ದಲ್ಲ, ನಿಮ್ಮ ತಲೆಯ ಮೇಲಿನ ದೀಪದ್ದು.