ಪ್ರೌಢಶಾಲೆಯಲ್ಲಿ ಅಲಂಕಾರ ಬೋಧನೆ: ಪ್ರತಿ ಮಗುವಿಗೂ ಅದರದೇ ದಾರಿ

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವೇ ಅಲಂಕಾರಶಾಸ್ತ್ರದ್ದು. 9ನೆಯ ಶತಮಾನದ 'ಕವಿರಾಜಮಾರ್ಗ'ದ ಎರಡನೆಯ ಪರಿಚ್ಛೇದ ಶಬ್ದಾಲಂಕಾರಗಳಿಗೆ, ಮೂರನೆಯದು ಅರ್ಥಾಲಂಕಾರಗಳಿಗೆ ಮೀಸಲಾಗಿದೆ. ಆದರೂ ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ಅಲಂಕಾರವೆಂದರೆ ಬಾಯಿಪಾಠದ ಲಕ್ಷಣವಾಕ್ಯ ಮಾತ್ರ. ಪರೀಕ್ಷೆ ಮುಗಿದೊಡನೆ ಅದು ಮರೆತುಹೋಗುತ್ತದೆ.

ಕಾಂದಿವಲಿಯಂತಹ ಉಪನಗರದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಇಲ್ಲಿ ಕನ್ನಡ ಕಲಿಯುವ ಒಂದು ಮಗು ಮನೆಯಲ್ಲಿ ತುಳು ಆಡುತ್ತದೆ, ಇನ್ನೊಂದು ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಬೀದಿಯಲ್ಲಿ ಎಲ್ಲರದೂ ಮರಾಠಿ, ಹಿಂದಿ. ಇವರೆಲ್ಲರಿಗೂ ಒಂದೇ ಪಾಠ ಒಂದೇ ರೀತಿಯಲ್ಲಿ ಒಪ್ಪುವುದಿಲ್ಲ.

ಮಗುವಿಗೆ ಈಗಾಗಲೇ ತಿಳಿದಿರುವ ಭಾಷೆಯಿಂದಲೇ ಪಾಠ ಆರಂಭವಾಗಲಿ ಎಂಬುದು ನಮ್ಮ ಸಲಹೆ. ಉಪಮೆಗೆ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂಬ ನಾಲ್ಕು ಅಂಗಗಳು. ಮರಾಠಿ ವ್ಯಾಕರಣವೂ ಉಪಮೇಯ, ಉಪಮಾನ ಎಂಬ ಇದೇ ಹೆಸರುಗಳನ್ನು ಬಳಸುತ್ತದೆ. ಅರಬ್ಬಿಯ ಅಲಂಕಾರಶಾಸ್ತ್ರವಾದ 'ಬಲಾಘ'ದಲ್ಲಿ ಉಪಮೆಗೆ 'ತಶ್ಬೀಹ್' ಎಂದು ಹೆಸರು. ಅದರ ಅಂಗಗಳೂ ನಾಲ್ಕೇ: ಮುಶಬ್ಬಹ್, ಮುಶಬ್ಬಹ್ ಬಿಹಿ, ಅದಾತ್, ವಜ್ಹ್ ಶಬಹ್. ಅರಬ್ಬಿ ಓದುವ ವಿದ್ಯಾರ್ಥಿಗೆ ಈ ಹೋಲಿಕೆ ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಎರಡನೆಯ ಹೆಜ್ಜೆ, ಮಗು ಎಲ್ಲಿ ಎಡವುತ್ತದೆ ಎಂದು ಅರಿಯುವುದು. ಅದಕ್ಕೆ ಮಗು ದಿನವೂ ಕಾಣುವ ದೃಶ್ಯದ ಒಂದೇ ವಾಕ್ಯ ಸಾಕು. 'ಸಂಜೆಯ ಕಾಂದಿವಲಿ ನಿಲ್ದಾಣ ಕಡಲಿನಂತೆ ಮೊರೆಯುತ್ತಿತ್ತು' ಎಂಬುದು ಉಪಮೆ. 'ಸಂಜೆಯ ನಿಲ್ದಾಣವೇ ಕಡಲು' ಎಂದರೆ ರೂಪಕ. 'ಕಡಲೇ ನಿಲ್ದಾಣಕ್ಕೆ ನುಗ್ಗಿತೋ ಎಂಬಂತೆ ಜನ ತುಂಬಿದ್ದರು' ಎಂದರೆ ಉತ್ಪ್ರೇಕ್ಷೆ. ಅಂಗಗಳನ್ನು ಗುರುತಿಸಲಾರದ ಮಗುವಿಗೆ ಮೊದಲ ವಾಕ್ಯದಲ್ಲೇ ಇನ್ನಷ್ಟು ಅಭ್ಯಾಸ ಬೇಕು. ಅವನ್ನು ಗುರುತಿಸಿಯೂ ರೂಪಕಕ್ಕೆ ತಿರುಗಿಸಲಾರದವನಿಗೆ 'ಅಂತೆ'ಯನ್ನು ತೆಗೆದು ಬರೆಯುವ ಅಭ್ಯಾಸ ಕೊಡಬೇಕು. ಎರಡನ್ನೂ ಬಲ್ಲವನು ತನ್ನ ಬೀದಿಯನ್ನೋ ಅಜ್ಜಿಯ ಮನೆಯನ್ನೋ ಕುರಿತು ಸ್ವಂತ ವಾಕ್ಯ ರಚಿಸಲಿ.

ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಕಲಿಸಿದರೆ ಫಲ ಅತ್ಯಧಿಕವೆಂದು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ಅನಂತರದ ಅಧ್ಯಯನಗಳು ಅಷ್ಟು ದೊಡ್ಡ ಅಂತರವನ್ನು ಕಾಣದಿದ್ದರೂ ಲಾಭವಿರುವುದನ್ನು ಒಪ್ಪಿವೆ. ವಾರಕ್ಕೊಮ್ಮೆ ಸೇರುವ ನಮ್ಮ ಕನ್ನಡ ತರಗತಿಗಳಲ್ಲಿ ಪ್ರತಿಯೊಬ್ಬರಿಗೂ ಬೇರೆ ಶಿಕ್ಷಕರು ಸಿಗುವುದು ಅಸಾಧ್ಯ. ಆದರೆ ಮೂರು ಬಗೆಯ ಅಭ್ಯಾಸದ ಹಾಳೆಗಳನ್ನು ಸಿದ್ಧಪಡಿಸುವುದು ಸಾಧ್ಯ.

ಅಂಕಗಳಿಗಾಗಿ ಕಲಿತ ಕನ್ನಡ ಶಾಲೆಯೊಂದಿಗೆ ಮುಗಿಯುತ್ತದೆ. ತಾನು ಕಂಡದ್ದನ್ನು ಹೋಲಿಸಿ ಹೇಳಬಲ್ಲ ಮಗುವಿಗೆ ಕನ್ನಡ ತನ್ನದಾಗುತ್ತದೆ. ಹೊರನಾಡಿನಲ್ಲಿ ಮುಂದಿನ ಪೀಳಿಗೆಯ ಕನ್ನಡ ಉಳಿಯಬೇಕಾದರೆ ಈ ವ್ಯತ್ಯಾಸವನ್ನು ನಾವು ಮರೆಯುವಂತಿಲ್ಲ.